ತಕ್ಕಡಿ ರಿಪೇರಿಯವನ ಬ್ಲಾಗಿಗೆ ಕಾವಲು

ನಿವೃತ್ತನಾದ ಮೇಲೆ ನಾನು ಮಾಡಿದ ಏಕೈಕ ಘನಕಾರ್ಯವೆಂದರೆ ಒಂದು ಪ್ರೋಗ್ರಾಂ ಬರೆದದ್ದು. ಕನ್ನಡದ ಹನ್ನೊಂದು ಬ್ಲಾಗುಗಳಲ್ಲಿ ಯಾರಾದರೂ ಹೊಸದಾಗಿ ಏನನ್ನಾದರೂ ಬರೆದಿದ್ದಾರೆಯೇ ಎಂದು ಅರ್ಧ ಗಂಟೆಗೊಮ್ಮೆ ಹೋಗಿ ನೋಡಿಕೊಂಡು ಬರುವುದು ಅದರ ಕೆಲಸ. ಹನ್ನೊಂದರಲ್ಲಿ ಎಂಟು ಬ್ಲಾಗುಗಳು ಆ ಹೊತ್ತಿಗಾಗಲೇ ತಣ್ಣಗಾಗಿದ್ದವು. ಉಳಿದ ಮೂರರಲ್ಲಿ ಒಂದು ಉಪ್ಪಿನಕಾಯಿಗೆ ಮೀಸಲು. ಆದರೂ ಕಾವಲು ಎಂದರೆ ಕಾವಲು. ರೈಲು ಬರಲಿ ಬಿಡಲಿ, ಗೇಟಿನವನು ಗೇಟಿನಲ್ಲಿರಬೇಕು.

ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಮೈಸೂರಿನ ಕಡೆಯಿಂದ ಬನಾರಸಿಗೆ ವರ್ಗವಾಗಿ ಬಂದೆ. ವಾಪಸು ವರ್ಗಕ್ಕೆ ಅರ್ಜಿ ಬರೆಯಬೇಕು ಎಂದುಕೊಂಡೇ ನಿವೃತ್ತಿಯ ದಿನ ಬಂತು. ಸೋನಾರ್‌ಪುರದ ಗದ್ದಲದ ರಸ್ತೆಯಿಂದ ಗಂಗೆಯ ಕಡೆಗೆ ಇಳಿಯುವ ಗಲ್ಲಿಯೊಂದರಲ್ಲಿ ನಮ್ಮ ಮನೆ. ಅಲ್ಲಿ ಕನ್ನಡ ಮಾತಾಡಲು ಸಿಗುವವರು ನನ್ನ ಹೆಂಡತಿ, ಎದುರು ಮನೆಯ ಪುರೋಹಿತರು ಮತ್ತು ದಿನವೂ ಬದಲಾಗುವ ಯಾತ್ರಿಕರು. ಹೆಂಡತಿ ನನ್ನೊಡನೆ ಮಾತಾಡುವುದು ಅಗತ್ಯ ಬಿದ್ದಾಗ ಮಾತ್ರ. ಹಾಗಾಗಿ ಕನ್ನಡದ ಹಸಿವಿಗೆ ನಾನು ಬ್ಲಾಗುಗಳನ್ನು ಹಿಡಿದೆ. ವರ್ಷಗಟ್ಟಲೆ, ಬೆಳಗಿನ ಚಹಾದ ಜೊತೆ, ಹನ್ನೊಂದನ್ನೂ ಒಂದೊಂದಾಗಿ ತೆರೆದು ನೋಡಿ ಮುಚ್ಚುತ್ತಿದ್ದೆ. ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವ ಗ್ಯಾಂಗ್‌ಮನ್ ಪ್ರತಿ ಬೋಲ್ಟನ್ನೂ ತಟ್ಟಿ ನೋಡುವುದಿಲ್ಲವೇ, ಹಾಗೆ.

ನಿವೃತ್ತನಾದಾಗ ಈ ಗಸ್ತನ್ನು ಯಂತ್ರಕ್ಕೆ ವಹಿಸುವ ಯೋಚನೆ ಹುಟ್ಟಿತು. ಅಸ್ಸಿ ಘಾಟಿನ ಚಹಾ ಅಂಗಡಿಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನ ಸಲಹೆ ಕೇಳಿದೆ. ಇಂಥ ಸೌಲಭ್ಯಗಳು ಎಷ್ಟೋ ವರ್ಷದಿಂದ ಇವೆ, ಪ್ರತಿ ಬ್ಲಾಗೂ ತನ್ನ ಹೊಸ ಬರಹದ ಪಟ್ಟಿಯನ್ನು ತಾನೇ ಕಳಿಸುತ್ತದೆ, ನೀವು ಹೊಸದಾಗಿ ಏನೂ ಬರೆಯಬೇಕಿಲ್ಲ ಎಂದು ಅವನು ಕರುಣೆಯಿಂದ ವಿವರಿಸಿದ. ನನಗೆ ಒಪ್ಪಿಗೆಯಾಗಲಿಲ್ಲ. ಬರುವ ರೈಲೇ ತಾನು ಬರುತ್ತಿದ್ದೇನೆಂದು ಹೇಳಲಿ ಎಂದು ಬಿಡುವುದು ಸಿಗ್ನಲ್ ಇಲಾಖೆಯ ಸಂಪ್ರದಾಯವಲ್ಲ. ನಮ್ಮ ಕಡೆಯಿಂದ ನಾವು ನೋಡಬೇಕು. ಅದಕ್ಕೆ ನನ್ನ ಪ್ರೋಗ್ರಾಂ ಬ್ಲಾಗಿನ ಇಡೀ ಪುಟವನ್ನು ತೆಗೆದುಕೊಂಡು, ಹಿಂದಿನ ಸಲ ತಂದಿದ್ದ ಪುಟದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತಿತ್ತು. ಒಂದು ಅಲ್ಪವಿರಾಮ ಹೆಚ್ಚಾದರೂ ಲ್ಯಾಪ್‌ಟಾಪಿನಲ್ಲಿ ಗಂಟೆ ಬಾರಿಸುವುದು, ಕಡಿಮೆಯಾದರೂ ಗಂಟೆ. ಬದಲಾವಣೆ ಒಳ್ಳೆಯದೋ ಕೆಟ್ಟದೋ ಎಂದು ಯೋಚಿಸುವ ಅಧಿಕಾರವನ್ನು ನಾನು ಅದಕ್ಕೆ ಕೊಟ್ಟಿರಲಿಲ್ಲ. ಸಿಗ್ನಲ್ಲು ಯೋಚಿಸಲು ಶುರು ಮಾಡಿದ ದಿನ ಅಪಘಾತ.

ಎರಡು ತಿಂಗಳು ಕೂತು ಬರೆದೆ. ಚಾಲೂ ಮಾಡಿದ ಮೊದಲ ದಿನವೇ ಉಪ್ಪಿನಕಾಯಿ ಬ್ಲಾಗು ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಿತು. ಬೆಚ್ಚಿಬಿದ್ದು ನೋಡಿದರೆ, ಆ ಪುಟದ ಬುಡದಲ್ಲಿ ಇಷ್ಟು ಜನ ಭೇಟಿ ಕೊಟ್ಟಿದ್ದಾರೆ ಎಂದು ತೋರಿಸುವ ಲೆಕ್ಕದ ಪಟ್ಟಿಯೊಂದಿತ್ತು. ನನ್ನ ಪ್ರೋಗ್ರಾಂ ಹೋದಾಗಲೆಲ್ಲ ಆ ಸಂಖ್ಯೆ ಒಂದು ಏರುತ್ತಿತ್ತು, ಸಂಖ್ಯೆ ಏರಿದ್ದರಿಂದ ಪುಟ ಬದಲಾಗುತ್ತಿತ್ತು, ಪುಟ ಬದಲಾದದ್ದರಿಂದ ಗಂಟೆ. ಅಂದರೆ ನಾನೇ ಹೋಗಿ ಬಾಗಿಲು ತಟ್ಟಿ, ಯಾರೋ ಬಂದರು ಯಾರೋ ಬಂದರು ಎಂದು ನಾನೇ ಊರಿಗೆಲ್ಲ ಸಾರುತ್ತಿದ್ದೆ. ಹೆಂಡತಿ ಕೊತ್ತಂಬರಿ ಸೋಸುತ್ತ, ನಿವೃತ್ತಿಯಾದ ಮೇಲೆ ಗಂಡಸರು ಎಲ್ಲರೂ ಇದನ್ನೇ ಮಾಡುವುದು, ನೀವು ಅದಕ್ಕೊಂದು ಯಂತ್ರ ಇಟ್ಟುಕೊಂಡಿದ್ದೀರಿ ಅಷ್ಟೇ ಎಂದಳು.

ಆ ದೋಷ ತಿದ್ದಿದೆ. ಆಮೇಲೆ ಎರಡು ವರ್ಷ ಪ್ರೋಗ್ರಾಂ ನಿಷ್ಠೆಯಿಂದ ನಡೆಯಿತು. ಅದರ ಪಟ್ಟಿಯಲ್ಲಿ ಏಳನೆಯದಾಗಿದ್ದ ಬ್ಲಾಗಿನ ವಿಷಯ ಈಗ ಹೇಳಬೇಕು.

ಅದು ತಕ್ಕಡಿ ರಿಪೇರಿ ಮಾಡುವವನೊಬ್ಬನ ಬ್ಲಾಗು. ಹೆಸರು ಹಾಕಿಕೊಂಡಿರಲಿಲ್ಲ. ಸಂತೆಯ ಕಬ್ಬಿಣದ ತಕ್ಕಡಿ, ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ತಕ್ಕಡಿ, ಹೆರಿಗೆ ಆಸ್ಪತ್ರೆಯ ತೊಟ್ಟಿಲಿನಂಥ ತಕ್ಕಡಿ, ಇವನ್ನು ಸರಿಮಾಡಲು ಊರೂರು ತಿರುಗುತ್ತ ಕಂಡದ್ದನ್ನು ಬರೆಯುತ್ತಿದ್ದ. ತಕ್ಕಡಿ ಎಷ್ಟು ಗ್ರಾಂ ಸುಳ್ಳು ಹೇಳುತ್ತಿತ್ತು ಎನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವನು. ವರ್ಷಕ್ಕೆ ಹತ್ತು ಹದಿನೈದು ಬರಹ. ನಾನು ಕಾಮೆಂಟು ಬರೆಯುತ್ತಿದ್ದೆ, ಅವನು ಎರಡು ಸಾಲಿನ ಉತ್ತರ ಕೊಡುತ್ತಿದ್ದ. ಒಮ್ಮೆ ನಡುವೆ ಐದು ತಿಂಗಳು ಸದ್ದಿಲ್ಲದಂತಾಗಿ, ಊರಲ್ಲಿರಲಿಲ್ಲ ಕ್ಷಮಿಸಿ ಎಂದು ಮತ್ತೆ ಶುರುವಾಯಿತು. ಆಮೇಲಿನ ಮೂರು ವರ್ಷದ ಬರಹಗಳು ನನಗೆ ಇನ್ನೂ ಹೆಚ್ಚು ಇಷ್ಟ. ಈಗ ನಿಮ್ಮ ಬರವಣಿಗೆ ಪಕ್ವವಾಗಿದೆ, ಮೊದಲು ತಕ್ಕಡಿ ಮಾತ್ರ ಕಾಣುತ್ತಿತ್ತು, ಈಗ ಮನುಷ್ಯರು ಕಾಣುತ್ತಿದ್ದಾರೆ ಎಂದು ನಾನು ಸಾಕಷ್ಟು ಗಂಭೀರವಾದ ಪ್ರಮಾಣಪತ್ರವನ್ನೇ ಕೊಟ್ಟಿದ್ದೆ. ಅವನಿಂದ ಧನ್ಯವಾದ ಬಂತು. ಮೂರು ವರ್ಷವಾದ ಮೇಲೆ ಆ ಬ್ಲಾಗು ನಿಂತಿತು. ನಿಂತು ಒಂಬತ್ತು ವರ್ಷವಾಗಿತ್ತು. ಮೊದಲ ಏಳು ವರ್ಷ ನಾನು, ಆಮೇಲಿನ ಎರಡು ವರ್ಷ ನನ್ನ ಪ್ರೋಗ್ರಾಂ, ಅದರ ಬಾಗಿಲಲ್ಲಿ ನಿಂತೇ ಇದ್ದೆವು.

ಕಳೆದ ಮಾಘದಲ್ಲಿ ಒಂದು ಮಧ್ಯಾಹ್ನ ಎದುರು ಮನೆಯ ಪುರೋಹಿತರು ಬಂದರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಮನೆತನ ಅವರದು. ಅವರ ಅಜ್ಜ ಇಲ್ಲಿಗೆ ಬಂದವರು. ಇವರು ಇಲ್ಲೇ ಹುಟ್ಟಿ ಬೆಳೆದು, ಕನ್ನಡವನ್ನು ಹಿಂದಿಯ ಮೇಲೆ ಒಗ್ಗರಣೆಯಂತೆ ಹಾಕಿ ಮಾತಾಡುವವರು. ಟಿಕೆಟ್ಟು, ಫಾರಂ, ಯಾತ್ರಿಕರ ಸಂದೇಶ, ಎಲ್ಲಕ್ಕೂ ನಾನೇ ಅವರ ಗುಮಾಸ್ತ.

ಹಾವೇರಿ ಕಡೆಯಿಂದ ಒಬ್ಬ ಹೆಂಗಸು ಒಬ್ಬಳೇ ಬಂದಿದ್ದಾಳೆ ಎಂದು ಅವರು ಹೇಳಿದರು. ಅಣ್ಣ ಮನೆಯಿಂದ ಹೋದವನು ವಾಪಸು ಬರಲಿಲ್ಲ. ಹನ್ನೆರಡು ವರ್ಷವಾಯಿತು, ಕರ್ಮ ಮಾಡಿಸಿ ಮುಗಿಸಬೇಕು ಎನ್ನುತ್ತಾಳೆ. ಇದಕ್ಕೆ ಶಾಸ್ತ್ರದಲ್ಲಿ ದಾರಿಯಿದೆ. ನಾಪತ್ತೆಯಾದವನ ಬಗ್ಗೆ ಕೊನೆಯ ಸುದ್ದಿ ಬಂದ ದಿನದಿಂದ ಹನ್ನೆರಡು ವರ್ಷ ಕಾಯುವುದು. ಅಷ್ಟಾದರೂ ಸುದ್ದಿಯಿಲ್ಲದಿದ್ದರೆ ದರ್ಭೆ ಮತ್ತು ಮುತ್ತುಗದ ಎಲೆಯಲ್ಲಿ ಮನುಷ್ಯನ ಆಕೃತಿ ಮಾಡಿ, ಅದನ್ನೇ ದೇಹವೆಂದು ದಹಿಸಿ, ಉಳಿದ ಕರ್ಮ ಮಾಡುವುದು. ಹೆಂಗಸು ದರ್ಭೆ ಕೊಟ್ಟು ತನ್ನ ಪರವಾಗಿ ಪುರೋಹಿತರ ಕೈಯಲ್ಲಿ ಮಾಡಿಸಬಹುದು. ನಾಳಿದ್ದಿಗೆ ಎಲ್ಲ ನಿಗದಿಯಾಗಿದೆ.

"ಒಂದು ಮಾತು ಮಾತ್ರ ನಿಮ್ಮನ್ನ ಕೇಳಬೇಕು ರೈಲ್ ಸಾಹೇಬ್ರೇ," ಎಂದರು. "ಆ ಅಣ್ಣ ಕಂಪ್ಯೂಟರ್‌ನಲ್ಲಿ ಏನೋ ಬರೀತಿದ್ದನಂತೆ. ತರಾಜೂ ರಿಪೇರಿ ಕೆಲಸ. ನೀವೊಬ್ಬ ತರಾಜೂವಾಲಾನ ಕಥೆ ಓದಿ ಹೇಳ್ತಿದ್ರಲ್ಲ, ಅವನೇ ಏನು?"

ನನ್ನ ಕೈಯಲ್ಲಿದ್ದ ಚಹಾ ಲೋಟ ಕೈಯಲ್ಲೇ ಉಳಿಯಿತು. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಆದರೆ ದಿನಕ್ಕೆ ನಲವತ್ತೆಂಟು ಸಲ ಅವನ ಮನೆಗೆ ಆಳು ಕಳಿಸುತ್ತಿದ್ದೇನೆ. ಅಂಥವನ ತಂಗಿ ನನ್ನ ಎದುರು ಮನೆಯ ಮಹಡಿಯಲ್ಲಿ ಕೂತು ಅವನನ್ನು ಸುಡಲು ದಿನ ಗೊತ್ತು ಮಾಡಿಸಿದ್ದಾಳೆ. ಮೊದಲು ದುಃಖವಾಗಬೇಕಿತ್ತು. ಆಗಿದ್ದು ಬೇರೆ. ಮೂವತ್ತನಾಲ್ಕು ವರ್ಷದ ನೌಕರಿಯ ಅಭ್ಯಾಸ, ನನಗೆ ಮೊದಲು ಕಂಡದ್ದು ದಾಖಲೆಯ ವ್ಯತ್ಯಾಸ. ಹನ್ನೆರಡಲ್ಲ, ಒಂಬತ್ತು. ಅವನ ಕೊನೆಯ ಬರಹಕ್ಕೆ ಒಂಬತ್ತು ವರ್ಷವಷ್ಟೇ ಆಗಿದೆ ಎಂದು ನಾನು ಘೋಷಿಸಿದೆ.

ಪುರೋಹಿತರ ಮುಖ ಬಿಳಿಚಿಕೊಂಡಿತು. "ಗಡ್‌ಬಡ್ ಆಯ್ತಲ್ಲ," ಎಂದರು. ಬದುಕಿರುವವನನ್ನು ಸುಟ್ಟ ಪಾಪ ಯಾರ ತಲೆಗೆ ಎಂದು ಅವರು ಕೇಳಲಿಲ್ಲ. ಅದನ್ನು ಕೇಳಬೇಕಾಗಿಯೂ ಇರಲಿಲ್ಲ.

ಲ್ಯಾಪ್‌ಟಾಪು ಹೊತ್ತು ಇಬ್ಬರೂ ಅವರ ಮಹಡಿಗೆ ಹೋದೆವು. ಐವತ್ತು ದಾಟಿದ ಹೆಂಗಸು, ಕಿಟಕಿಯ ಬಳಿ ಚಾಪೆಯ ಮೇಲೆ ಕೂತು ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ನಾನು ಕೋರ್ಟಿನ ಸಾಕ್ಷಿಯ ಹಾಗೆ ನಿಂತು ವಿಷಯ ಮಂಡಿಸಿದೆ. ಬ್ಲಾಗು ತೆರೆದು ಕೊನೆಯ ಬರಹದ ತಾರೀಕು ತೋರಿಸಿದೆ. ಅವಳು ಅದನ್ನು ಹೊಸದಾಗಿ ನೋಡಿದವಳಂತೆ ನೋಡಲಿಲ್ಲ. ನಾನು ಅದನ್ನು ಗಮನಿಸಿದೆ. ಗಮನಿಸಿ ಸುಮ್ಮನಾದೆ.

"ಹನ್ನೆರಡು ಆತ್ರಿ," ಎಂದಳು. "ಅಂವ ಹೋಗಿ ಹನ್ನೆರಡು."

ಹೋಗಿದ್ದು ಲೆಕ್ಕಕ್ಕಿಲ್ಲ, ಸುದ್ದಿ ನಿಂತದ್ದು ಲೆಕ್ಕ ಎಂದು ಪುರೋಹಿತರು ಮೃದುವಾಗಿ ಹೇಳಿದರು. ಹೋದ ಮೇಲೂ ಮೂರು ವರ್ಷ ಬರೆದಿದ್ದಾನೆ ಎಂದರೆ ಎಲ್ಲೋ ಇದ್ದಾನೆ ಎಂದಾಯಿತಲ್ಲ, ಇನ್ನು ಮೂರು ವರ್ಷ ಕಾಯೋಣ, ಅಷ್ಟರಲ್ಲಿ ಬಂದರೂ ಬಂದಾನು ಎಂದರು. ಇನ್ನು ಮೂರು ವರ್ಷ ಎನ್ನುವ ಮಾತು ಕೇಳಿದಾಗ, ಮೂಟೆ ಇಳಿಸಲು ಬಗ್ಗಿದವನಿಗೆ ಇಲ್ಲಲ್ಲ ಇನ್ನೂ ಮುಂದೆ ಎಂದು ಹೇಳಿದಾಗ ಆಗುವ ಹಾಗೆ, ಅವಳ ಭುಜ ಒಂದು ಗಳಿಗೆ ಕುಸಿದು ಮತ್ತೆ ನೆಟ್ಟಗಾಯಿತು.

ವಾತಾವರಣ ತಿಳಿಗೊಳಿಸಲು ನಾನು ನನ್ನ ಪ್ರೋಗ್ರಾಮಿನ ಮಹಿಮೆಯನ್ನು ವರ್ಣಿಸಿದೆ. ಹೊಸದೇನಾದರೂ ಬಂದರೆ ತಕ್ಷಣ ಗಂಟೆ ಹೊಡೆಯುತ್ತದೆ, ಅವನು ಒಂದು ಸಾಲು ಬರೆದರೂ ಮೊದಲು ಗೊತ್ತಾಗುವುದು ನನಗೇ, ಆಗ ನಿಮಗೆ ಫೋನು ಮಾಡುತ್ತೇನೆ ಎಂದು ಭರವಸೆ ಕೊಟ್ಟೆ. ಎಷ್ಟು ದಿನದಿಂದ ನೋಡುತ್ತಿದ್ದೀರಿ ಎಂದು ಕೇಳಿದಳು. ಯಂತ್ರ ಎರಡು ವರ್ಷದಿಂದ, ಅದಕ್ಕೆ ಮೊದಲು ನಾನೇ ಪ್ರತಿದಿನ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಯಲ್ಲಿ ಮೆಚ್ಚುಗೆಯ ಲವಲೇಶವೂ ಇರಲಿಲ್ಲ. ಅಪರಾಧಿಯೊಬ್ಬನಿಗೆ ಪೊಲೀಸಪ್ಪ ಚಹಾ ಕುಡಿಯಿರಿ ಎಂದು ಉಪಚಾರ ಮಾಡಿದರೆ ಅವನು ಹಾಗೆ ನೋಡಿಯಾನು.

ಮರುದಿನ ಬೆಳಗ್ಗೆ ಏಳಕ್ಕೆ ನಾನು ಹಲ್ಲುಜ್ಜುತ್ತಿದ್ದಾಗ ಗಂಟೆ ಹೊಡೆಯಿತು. ಉಪ್ಪಿನಕಾಯಿ ಇರಬೇಕೆಂದು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದು ನೋಡಿದೆ. ಏಳನೆಯ ಬ್ಲಾಗು.

ಬ್ರಷ್ಷು ಕೀಬೋರ್ಡಿನ ಮೇಲೆ ಬಿತ್ತು. ಒಂಬತ್ತು ವರ್ಷವಾದ ಮೇಲೆ, ಅವನಿಗೆ ಇನ್ನೂ ಮೂರು ವರ್ಷದ ವಾಯಿದೆ ಸಿಕ್ಕ ಮರುದಿನವೇ. ಪುಟ ತೆರೆದೆ. ಎಲ್ಲಕ್ಕಿಂತ ಮೇಲೆ ಬೇರೆ ಶೀರ್ಷಿಕೆಯಿತ್ತು. ಓದಲು ಶುರು ಮಾಡಿದೆ. ನಾಲ್ಕನೆಯ ಸಾಲಿಗೆ ಬಂದಾಗ ಇದನ್ನು ನಾನು ಮೊದಲೇ ಓದಿದ್ದೇನೆ ಎನ್ನಿಸಿತು. ಹೌದು, ಇದು ಹಳೆಯದು. ಹೊಸದೇನೂ ಬಂದಿರಲಿಲ್ಲ. ಇದರ ಮೇಲಿದ್ದ ಕೊನೆಯ ಬರಹ ಇರಲಿಲ್ಲ. ಯಾರೋ ತೆಗೆದುಹಾಕಿದ್ದರು.

ಅರ್ಥವಾಗದೆ ಕೂತಿದ್ದೆ. ಏಳೂವರೆಗೆ ಮತ್ತೆ ಗಂಟೆ. ಈ ಸಲ ಇನ್ನೂ ಮೂರು ಇರಲಿಲ್ಲ. ಮೇಲಿನಿಂದ ಕೆಳಕ್ಕೆ, ಹೊಸದರಿಂದ ಹಳೆಯದಕ್ಕೆ, ಕ್ರಮವಾಗಿ ಒಂದೊಂದೇ ಮಾಯವಾಗುತ್ತಿತ್ತು. ಹೆಂಡತಿ ಬಂದು ನನ್ನ ಮುಖ ನೋಡಿ, ಬಾಯಿ ತೊಳೆದುಕೊಳ್ಳಿ ಮೊದಲು ಎಂದಳು. ನಾನು ತೊಳೆದುಕೊಳ್ಳಲಿಲ್ಲ. ತರ್ಕ ಸ್ಪಷ್ಟವಾಗಿತ್ತು. ಬರಹ ಅಳಿಸಲು ಬ್ಲಾಗಿನ ಬೀಗದ ಕೈ, ಅಂದರೆ ಪಾಸ್‌ವರ್ಡು, ಬೇಕು. ಬೀಗದ ಕೈ ಇರುವುದು ಬರೆದವನ ಹತ್ತಿರ. ಅಳಿಸುತ್ತಿದ್ದಾನೆಂದರೆ ಬೆರಳಿದೆ, ಬೆರಳಿದ್ದರೆ ಜೀವವಿದೆ.

ಅರವತ್ಮೂರರ ವಯಸ್ಸಿನಲ್ಲಿ ಗಲ್ಲಿಯಲ್ಲಿ ಓಡಿದೆ. ಪುರೋಹಿತರು ಜಗುಲಿಯಲ್ಲಿ ಮುತ್ತುಗದ ಎಲೆಯ ಕಟ್ಟನ್ನು ಹಿಂದಕ್ಕೆ ಕಳಿಸಲು ಎಲೆಯವನೊಡನೆ ವಾದ ಮಾಡುತ್ತಿದ್ದರು. ಬದುಕಿದ್ದಾನೆ ಎಂದೆ. ಬಾಯಲ್ಲಿ ನೊರೆಯಿದ್ದುದರಿಂದ ಎರಡು ಸಲ ಹೇಳಬೇಕಾಯಿತು. ಅವರು ಎಲೆಯವನಿಗೆ ಹಿಂದಿಯಲ್ಲಿ ಹೇಳಿದರು. ಅವನು ಹಾಲಿನವನಿಗೆ ಭೋಜ್‌ಪುರಿಯಲ್ಲಿ ಹೇಳಿದ. ನಾವು ಮಹಡಿಯ ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ, ಕರ್ನಾಟಕದ ಅಮ್ಮನ ಸತ್ತ ಅಣ್ಣ ಎದ್ದು ಬಂದನಂತೆ ಎಂಬ ಸುದ್ದಿ ಸೋನಾರ್‌ಪುರದ ರಸ್ತೆಗೆ ತಲುಪಿ, ಪಾನಿನ ಅಂಗಡಿಯವನು ಶುಭ ಸಮಾಚಾರಕ್ಕೆಂದು ಎರಡು ಬೀಡಾ ಕಳಿಸಿದ್ದ. ಕಾಶಿಯಲ್ಲಿ ಸತ್ತ ಸುದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಬದುಕಿದ ಸುದ್ದಿ ಅಪರೂಪ.

ಅವಳು ಅದೇ ಕಿಟಕಿಯ ಬಳಿ ಅದೇ ಮೊಬೈಲು ಹಿಡಿದು ಕೂತಿದ್ದಳು. ಪುರೋಹಿತರು ಎರಡೂ ಕೈ ಎತ್ತಿ, "ಬಹಿನ್, ನಿನ್ನ ಅಣ್ಣ ಇದ್ದಾನೆ. ಈಗ, ಇದೇ ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ," ಎಂದರು. ನಾನು ಹಿಂದಿನಿಂದ, ನಾಲ್ಕು ಬರಹ ಅಳಿಸಿದ್ದಾನೆ, ಇನ್ನೂ ಅಳಿಸುತ್ತಿದ್ದಾನೆ ಎಂದು ವಿವರ ಸೇರಿಸಿದೆ.

ಅವಳು ನನ್ನ ಕಡೆ ತಿರುಗಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯವನು ತಪ್ಪು ಸಾಮಾನು ಕಟ್ಟಿಕೊಟ್ಟರೆ ಹೇಳುವಂಥ ಧ್ವನಿ.

"ಹೊಸಾದು ಬಂದ್ರ ಗಂಟಿ ಅಂದಿದ್ರಿ. ಅಳಿಸಿದ್ರೂ ಹೊಡಿತೈತಿ ಅಂತ ಹೇಳಲಿಲ್ಲ."

ಆಮೇಲೆ ಮೊಬೈಲನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

"ಅಂವ ಅಲ್ರಿ. ನಾನ."

ಪುರೋಹಿತರು ಎತ್ತಿದ ಕೈ ಇಳಿಸುವುದನ್ನು ಮರೆತರು. ನಾನು ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಳಿತೆ. ಅದು ದೇವರ ಸಾಮಾನಿನ ಪೆಟ್ಟಿಗೆಯಂತೆ, ಆದರೆ ಅವತ್ತು ಯಾರೂ ಆಕ್ಷೇಪಿಸಲಿಲ್ಲ.

ಅವಳು ಹೇಳಿದ್ದು ಇಷ್ಟು. ಹನ್ನೆರಡು ವರ್ಷದ ಹಿಂದೆ ಅಣ್ಣ ಪಕ್ಕದ ತಾಲ್ಲೂಕಿನ ಸಂತೆಗೆ ತಕ್ಕಡಿ ಸರಿಮಾಡಲು ಹೋದ. ಸರಿಮಾಡಿದ, ಚಹಾ ಕುಡಿದ, ಬಸ್ಸು ಹತ್ತಿದ ಎಂದು ಅಂಗಡಿಯವನು ಹೇಳಿದ. ಬಸ್ಸಿನಲ್ಲಿ ಅವನ ಚೀಲ ಸಿಕ್ಕಿತು, ಅವನು ಸಿಗಲಿಲ್ಲ. ಪೊಲೀಸರು, ಪತ್ರಿಕೆ, ಆಸ್ಪತ್ರೆ, ಎಲ್ಲ ಆಯಿತು. ತಾಯಿಗೆ ಕಣ್ಣು ಮಂಜಾಗಿತ್ತು. ಮಗ ಬರೆದದ್ದನ್ನು ಮಗಳ ಬಾಯಲ್ಲಿ ಓದಿಸಿ ಕೇಳುವುದು ಮೊದಲಿನಿಂದ ರೂಢಿ. ಅಂವ ಎಲ್ಲಿದ್ದರೂ ಬರೀತಾನ, ನೋಡು ಎಂದು ದಿನವೂ ಕೇಳತೊಡಗಿದರು. ಐದು ತಿಂಗಳು ಇಲ್ಲ ಇಲ್ಲ ಎಂದು ಹೇಳಿದಳು. ಒಂದು ದಿನ ಹೇಳಲಾಗದೆ, ಹೂಂ ಬರದಾನ ಎಂದು ಬಾಯಿಗೆ ಬಂದದ್ದನ್ನು ಓದುವಂತೆ ನಟಿಸಿದಳು. ಆದರೆ ತಾಯಿ ಚುರುಕು. ಸಂಜೆ ಪಕ್ಕದ ಮನೆಯ ನಿವೃತ್ತ ಮಾಸ್ತರರನ್ನು ಕರೆದು, ನನ್ನ ಮಗ ಬರದದ್ದು ಇನ್ನೊಮ್ಮೆ ಓದ್ರಿ ಎಂದರು. ಮಾಸ್ತರರು ಬರುವುದರೊಳಗೆ ಅದು ಕಂಪ್ಯೂಟರಿನಲ್ಲಿ ಇರಲೇಬೇಕಾಯಿತು. ಬೀಗದ ಅಕ್ಷರಗಳನ್ನು ಅಣ್ಣ ತನ್ನ ಸಾಮಾನಿನ ಡಬ್ಬಿಯ ಮುಚ್ಚಳದೊಳಗೆ ಬರೆದಿಟ್ಟಿದ್ದ. ಹೀಗೆ ಶುರುವಾದದ್ದು ಮೂರು ವರ್ಷ, ನಲವತ್ತೊಂದು ಬರಹ. ತಾಯಿ ತೀರಿಕೊಂಡ ವಾರ ನಿಲ್ಲಿಸಿದಳು.

"ಇವನ್ನ ಇಟ್ಟುಕೊಂಡ ನಿಮ್ಮ ಮುಂದ ಹೆಂಗ ಹೇಳಲಿ ಅಂತ ನಾಚಿಕಿ ಆತು," ಎಂದಳು. "ಮೊದಲ ಅಳಿಸಿಬಿಡೂಣು, ಅಂವ ಬರದದ್ದಷ್ಟ ಉಳೀಲಿ, ಆಮ್ಯಾಲೆ ಹೇಳಿದ್ರಾತು ಅನಕೊಂಡೆ. ನನ್ನಿಂದ ಅಂವಗ ಮೂರು ವರ್ಷ ತಡ ಆತು. ಇನ್ನೂ ಮೂರು ವರ್ಷ ಅಂದ್ರ ನನ್ನಿಂದ ಆಗೂದಿಲ್ರಿ."

ಪುರೋಹಿತರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆ ಗಳಿಗೆಯಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಆ ತಾಯಿಯ ಕಥೆಯೂ ಅಲ್ಲ, ಅಣ್ಣನ ಕಥೆಯೂ ಅಲ್ಲ. ಆ ನಲವತ್ತೊಂದು. ಅವೇ ನಾನು ಪಕ್ವವೆಂದು ಮೊಹರು ಒತ್ತಿದವು. ಹನ್ನೊಂದು ಬ್ಲಾಗುಗಳ ಸರ್ವಾಧಿಕಾರಿ, ಅಲ್ಪವಿರಾಮ ಜರುಗಿದರೂ ಪತ್ತೆ ಹಚ್ಚುವವನು, ಬರೆಯುವ ಮನುಷ್ಯನೇ ಬದಲಾದದ್ದನ್ನು ಹನ್ನೆರಡು ವರ್ಷ ಕಾಣಲಿಲ್ಲ. ಗಾರ್ಡೂ ಡ್ರೈವರೂ ಇಲ್ಲದ ರೈಲಿಗೆ ಹಸಿರು ಬಾವುಟ ತೋರಿಸಿ, ಸಮಯಕ್ಕೆ ಸರಿಯಾಗಿ ಬಂದಿರಿ ಎಂದು ಅಭಿನಂದಿಸಿದಂತಾಯಿತು.

ಹಾಗಾದರೆ ನನಗೆ ಉತ್ತರ ಬರೆಯುತ್ತಿದ್ದವರು ಎಂದು ಕೇಳಿದೆ. ನೀವೇನ ಸಿಗ್ನಲ್ ಅವರು ಎಂದು ಅವಳು ಮೊದಲ ಸಲ ಸ್ವಲ್ಪ ನಕ್ಕಳು. ನಾನು ಆ ಬ್ಲಾಗಿನಲ್ಲಿ ಅದೇ ಹೆಸರಿನಲ್ಲಿ ಕಾಮೆಂಟು ಹಾಕುತ್ತಿದ್ದೆ. ನನ್ನ ಕಾಮೆಂಟುಗಳನ್ನೂ ತಾಯಿಗೆ ಓದಿ ಹೇಳಬೇಕಾಗುತ್ತಿತ್ತಂತೆ. ಇಂವಗೊಬ್ಬಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು ಎನ್ನುತ್ತಿದ್ದರಂತೆ ಆ ತಾಯಿ.

ಈಗ ಪುರೋಹಿತರು ಕಣ್ಣೊರೆಸಿಕೊಂಡು ಕೆಲಸಕ್ಕಿಳಿದರು. ದುಃಖ ಬೇರೆ, ವಿಧಿ ಬೇರೆ. ಹನ್ನೆರಡು ವರ್ಷ ತುಂಬಿದೆಯೇ ಎಂದು ಖಚಿತವಾಗಬೇಕಿತ್ತು. ಅವಳ ಮಾತು ಅವರಿಗೆ ನಂಬಿಕೆಯೇ. ಆದರೂ ಪರಂಪರೆಯ ಪ್ರಕಾರ ಮನೆಯವರ ಮಾತಿನ ಜೊತೆ ಹೊರಗಿನವರ ಒಂದು ಮಾತು ಬೇಕು.

"ಸಾಹೇಬ್ರೇ, ಓದಿದವರು ನೀವು," ಎಂದರು. "ಅಣ್ಣ ಎಲ್ಲಿ ಮುಗಿದ, ತಂಗಿ ಎಲ್ಲಿ ಶುರು ಆದಳು, ನೀವು ಹೇಳಿ. ಮತ್ಲಬ್, ನೋಡಿದ್ರೆ ಗೊತ್ತಾಗುತ್ತಾ?"

ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಅಳಿಸಿಹೋದ ನಾಲ್ಕೂ ನನ್ನಲ್ಲಿದ್ದವು, ತಾಳೆ ನೋಡಲೆಂದು ಪ್ರೋಗ್ರಾಂ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಂಡಿರುತ್ತದೆ. ಐದು ತಿಂಗಳ ಆ ಬಿಡುವಿನ ಆಚೆಯದನ್ನೂ ಈಚೆಯದನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಕುರುಡನಿಗೂ ಕಾಣುವಂತಿತ್ತು. ಅಣ್ಣ ಗ್ರಾಮಿನಲ್ಲಿ ಬರೆಯುತ್ತಿದ್ದ. ಬಿಡುವಿನ ಈಚೆಗೆ ಗ್ರಾಂ ಎಂಬ ಪದವೇ ಇಲ್ಲ. ಒಂದು ಹಿಡಿ, ಒಂದು ಬೊಗಸೆ, ಎರಡು ಚಿಟಿಕೆ. ತಕ್ಕಡಿ ರಿಪೇರಿಯವನೊಬ್ಬ ಉಪ್ಪನ್ನು ಹಿಡಿಯಲ್ಲಿ ಅಳೆಯುತ್ತಿದ್ದಾನೆ, ಮುಳ್ಳಿನ ಸುದ್ದಿಯಿಲ್ಲ, ತೂಕದ ಕಲ್ಲಿನ ಸುದ್ದಿಯಿಲ್ಲ, ನಾನು ಅದನ್ನು ಪಕ್ವತೆ ಎಂದು ಕರೆದಿದ್ದೇನೆ.

ಹೋಗಿ ಸಾಕ್ಷಿ ಹೇಳಿದೆ. ಅಣ್ಣನ ಕೊನೆಯ ಬರಹ ಅಕ್ಕಸಾಲಿಗರ ತಕ್ಕಡಿಯದು, ಹನ್ನೆರಡು ವರ್ಷ ಎರಡು ತಿಂಗಳ ಹಿಂದಿನದು, ಅದರ ಮುಂದಿನದೆಲ್ಲ ಇವರದು, ಇದನ್ನು ನಾನು ಆಗಲೇ ಕಂಡುಹಿಡಿಯಬೇಕಿತ್ತು, ಹಿಡಿಯಲಿಲ್ಲ ಎಂದು ಒಪ್ಪಿಕೊಂಡೆ. ಹಿಡಿ, ಬೊಗಸೆಯ ವಿಷಯ ಹೇಳಿದಾಗ ಅವಳು ತಲೆ ತಗ್ಗಿಸಿದಳು.

"ತಕ್ಕಡಿ ಬಗ್ಗೆ ನನಗೇನ ಗೊತ್ತಿತ್ರಿ," ಎಂದಳು. "ಅದಕ್ಕ ಅದರ ಮ್ಯಾಲೆ ಇಟ್ಟ ಸಾಮಾನಿನ ಬಗ್ಗೆ ಬರದೆ."

ಪುರೋಹಿತರು ಎಲೆಯವನನ್ನು ಮತ್ತೆ ಕರೆಸಿದರು. ಅವನು ಬಂದು, ಸತ್ತವನು ಎದ್ದ, ಎದ್ದವನು ಮತ್ತೆ ಸತ್ತ, ನಿಮ್ಮ ಕಡೆಯವರದು ಒಂದು ನಿರ್ಧಾರ ಇಲ್ಲ ಎಂದು ಗೊಣಗಿಕೊಂಡು ಅದೇ ಕಟ್ಟನ್ನು ಇಳಿಸಿದ. ಅಂದು ಮಧ್ಯಾಹ್ನ ಉಳಿದ ಮೂವತ್ತೇಳನ್ನೂ ಅವಳು ಅಳಿಸಿದಳು. ಬೇಡ, ಇರಲಿ, ಚೆನ್ನಾಗಿವೆ ಎಂದು ಎದುರು ಮನೆಗೆ ಹೋಗಿ ನಾನು ಹೇಳಹೊರಟಿದ್ದೆ. ಹೆಂಡತಿ ಒಂದು ನೋಟದಿಂದ ತಡೆದಳು. ಗಂಟೆಯನ್ನು ನಾನು ಅಷ್ಟು ಹೊತ್ತು ಬಂದ್ ಮಾಡಿಟ್ಟಿದ್ದೆ.

ಮರುದಿನ ಬೆಳಗ್ಗೆ ಘಾಟಿನಲ್ಲಿ ದರ್ಭೆಯ ಮನುಷ್ಯನನ್ನು ಮಲಗಿಸಿದರು. ಮುತ್ತುಗದ ಎಲೆ ಹೊದಿಸಿದ, ಮೂರು ಅಡಿಯ ಹಗುರ ದೇಹ. ಪಕ್ಕದಲ್ಲೇ ನಿಜವಾದ ಚಿತೆಗಳು ತಮ್ಮ ಪಾಡಿಗೆ ಉರಿಯುತ್ತಿದ್ದವು. ಅವಳು ದರ್ಭೆ ಕೊಟ್ಟಳು, ಪುರೋಹಿತರು ಅವನ ಗೋತ್ರ ಹೆಸರು ಹೇಳಿದರು. ಹದಿಮೂರು ವರ್ಷದಿಂದ ನಾನು ಯಾರನ್ನು ಓದುತ್ತ ಕಾದಿದ್ದೆನೋ ಅವನ ಹೆಸರನ್ನು ಕೇಳಿದ್ದು ಆಗಲೇ ಮೊದಲು. ಬೆಂಕಿ ಇಟ್ಟರು. ಅಂಥದೊಂದು ದೇಹ ಸುಡಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬೇಡ.

ಉರಿ ಇಳಿಯುತ್ತಿರುವಾಗ ಅವಳು ನನ್ನ ಬಳಿಗೆ ಬಂದು ನಿಂತಳು. ಬೆಂಕಿಯನ್ನೇ ನೋಡುತ್ತ ಕೇಳಿದಳು.

"ಖರೇ ಹೇಳ್ರಿ. ಓದೂ ಮುಂದ ಒಮ್ಮೆಯಾದ್ರೂ ಇದು ಅಂವಂದಲ್ಲ ಅನಸಲಿಲ್ಲೇನು?"

"ಇಲ್ಲ," ಎಂದೆ.

"ಒಂಚೂರೂ?"

"ಒಂಚೂರೂ ಇಲ್ಲ."

ಅವಳು ಉಸಿರು ಬಿಟ್ಟಳು. "ಅಷ್ಟು ಓದಿದವರು ನಿಮಗ ಅನಸಲಿಲ್ಲಂದ್ರ, ಅವ್ವಗೂ ಅನಸಿರಲಿಕ್ಕಿಲ್ಲ ಬಿಡ್ರಿ."

ಈ ಒಂದು ಪ್ರಶ್ನೆಯನ್ನು ಅವಳು ಒಂಬತ್ತು ವರ್ಷ ಹೊತ್ತು ತಿರುಗಿದ್ದಳು ಎನ್ನುವುದು ಆಗಲೇ ನನಗೆ ಹೊಳೆದದ್ದು. ನಾನು ಸುಳ್ಳು ಹೇಳಿರಲಿಲ್ಲ, ನನಗೆ ನಿಜಕ್ಕೂ ಸಂಶಯ ಬಂದಿರಲಿಲ್ಲ. ಹೆತ್ತವಳು ನನ್ನಷ್ಟು ದಡ್ಡಿಯೇ ಎನ್ನುವುದು ಬೇರೆ ಪ್ರಶ್ನೆ. ಹಿಡಿ ಬೊಗಸೆಗಳನ್ನು ಆ ಮಗಳಿಗೆ ಕಲಿಸಿದವಳೇ ಅವಳು, ಅದು ಕಿವಿಗೆ ಬಿದ್ದಾಗ ಯಾರ ಕೈಯೆಂದು ತಿಳಿಯದೇ ಹೋದೀತೇ ಎಂದು ನನಗೆ ಅನ್ನಿಸಿತು. ಆದರೆ ನನ್ನ ಅನ್ನಿಸಿಕೆಗಳ ಯೋಗ್ಯತೆ ಎಷ್ಟೆಂದು ಹಿಂದಿನ ದಿನವಷ್ಟೇ ಸಾಬೀತಾಗಿತ್ತು. ಹೌದು, ಅನಿಸಿರಲಾರದು ಎಂದು ದನಿಗೂಡಿಸಿದೆ. ಅವಳು ತಲೆಯಾಡಿಸಿ, ಬೂದಿಗೆ ನೀರು ಬಿಡಲು ಕೊಡ ಹಿಡಿದು ಹೋದಳು.

ಸ್ನಾನಕ್ಕೆ ಎಲ್ಲರೂ ಮೆಟ್ಟಿಲಿಳಿದರು. ನಾನು ಮೇಲೆಯೇ ಶಾಲು ಹೊದ್ದು ನಿಂತಿದ್ದೆ. ನಾನೇನು ಬಂಧುವೂ ಅಲ್ಲ, ಗೋತ್ರವೂ ಬೇರೆ. ಸೊಂಟದ ಮಟ್ಟ ನೀರಿನಲ್ಲಿದ್ದ ಪುರೋಹಿತರು ತಿರುಗಿ ನೋಡಿ ಕೈ ಬೀಸಿದರು.

"ಬನ್ನಿ ಸಾಹೇಬ್ರೇ, ನೀವೂ ಒಂದು ಮುಳುಗು ಹಾಕಿ. ಮನೆಯವರಿಗಿಂತ ಜಾಸ್ತಿ ಸಲ ಹೋಗಿ ನೋಡಿದವರು ನೀವೇ ಅಲ್ವಾ?"

ಕನ್ನಡಕ ತೆಗೆದು ಶಾಲಿನ ಮೇಲಿಟ್ಟು ಇಳಿದೆ. ಮಾಘದ ನೀರು, ಮೊದಲ ಮೆಟ್ಟಿಲಿಗೇ ಉಸಿರು ಸಿಕ್ಕಿಕೊಂಡಿತು. ಅವಳು ಆಗಲೇ ಮುಳುಗಿ ಎದ್ದು, ಕೂದಲಿನಿಂದ ನೀರು ಸುರಿಯುತ್ತ, ನಾನು ಬರಲೆಂದು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.